ನೆರಳಿದ್ದ ದಾರಿ

ನಮ್ಮ ಕಬ್ಬಿನ ಹೊಲವನ್ನು ನಾನು ಮೊದಲ ಸಲ ಕಂಪ್ಯೂಟರಿನ ನಕ್ಷೆಯಲ್ಲಿ ಗುರುತು ಮಾಡಿದಾಗ ಅದು ಉತ್ತರ ಧ್ರುವದ ಹತ್ತಿರ ಸಮುದ್ರಕ್ಕೆ ಹೋಗಿ ಬಿತ್ತು. ಸುತ್ತ ಬರೀ ನೀಲಿ. ಮೇಲ್ಗಡೆ ಹಿಮ ಮುಚ್ಚಿದ ಒಂದು ದ್ವೀಪ. ನಡುವೆ ನಮ್ಮ ಮೂರೂವರೆ ಎಕರೆ. ಜಮಖಂಡಿಯ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಅಕ್ಷಾಂಶ ರೇಖಾಂಶ ಕಲಿಸುತ್ತಿರುವವಳು ನಾನು. ಯಾವುದನ್ನು ಮೊದಲು ಬರೆಯಬೇಕು, ಯಾವುದನ್ನು ಆಮೇಲೆ ಎಂಬುದನ್ನು ಅದಲುಬದಲು ಮಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಈಗ ಅದೇ ತಪ್ಪನ್ನು ಮಾಡಿ, ಬನಹಟ್ಟಿಯ ಹೊಲವನ್ನು ಹಿಮದ ಕಡಲಿಗೆ ಸಾಗಿಸಿ, ಅರ್ಧ ತಾಸು ತಂತ್ರಾಂಶವನ್ನೇ ಬೈದೆ.

ತಂತ್ರಾಂಶ ಕಲಿತದ್ದು ಮುಧೋಳದಲ್ಲಿ. ಭೂಗೋಳದ ಶಿಕ್ಷಕರಿಗೆಂದು ಮೂರು ದಿನದ ತರಬೇತಿ ಇಟ್ಟಿದ್ದರು. ನನ್ನ ಮಗಳ ವಯಸ್ಸಿನ ಒಬ್ಬಾಕೆ ಬಂದು ಉಪಗ್ರಹದ ಚಿತ್ರಗಳನ್ನು ಹುಡುಕುವುದು, ಇಳಿಸಿಕೊಳ್ಳುವುದು, ಒಂದರ ಮೇಲೊಂದು ಹಾಸಿ ನೋಡುವುದು ಎಲ್ಲವನ್ನೂ ಪಟಪಟನೆ ಹೇಳಿಕೊಟ್ಟಳು. ನಾನು ನೋಟುಬುಕ್ಕಿನ ತುಂಬ ಬರೆದುಕೊಂಡೆ. ಮನೆಗೆ ಬಂದು ತೆರೆದರೆ ನನ್ನ ಅಕ್ಷರ ನನಗೇ ಅರ್ಥವಾಗಲಿಲ್ಲ. ಒಂದು ಕಡೆ "ಕೆಂಪು ಅಂದರೆ ಹಸಿರು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಯಾಕೆಂದು ನೆನಪಿಲ್ಲ.

ನೆನಪಾದದ್ದು ನನ್ನ ತಮ್ಮ ಹೌಹಾರಿದಾಗ. ಅವನು ನಮ್ಮ ಮನೆಯಲ್ಲಿರುವ ನಾಲ್ಕು ಪವರ್‌ಲೂಮ್ ನೋಡಿಕೊಳ್ಳುತ್ತಾನೆ, ಊರಿಗೆ ಹತ್ತಿಕೊಂಡಿರುವ ಹೊಲವನ್ನೂ ನೋಡಿಕೊಳ್ಳುತ್ತಾನೆ. ಹೊಲ ಧ್ರುವದಿಂದ ತೇರದಾಳದ ರಸ್ತೆಯ ಕಡೆಗೆ ವಾಪಸು ಬಂದ ದಿನ ಅವನನ್ನು ಕರೆದು ತೋರಿಸಿದೆ. ಪರದೆಯ ಮೇಲೆ ನಮ್ಮ ಕಬ್ಬು ರಕ್ತದ ಹಾಗೆ ಕೆಂಪಾಗಿತ್ತು.

"ಅಕ್ಕಾ, ನಮ್ಮ ಕಬ್ಬಿಗೆ ಏನ್ ರೋಗಾ ಬಂದೈತಿ?"

"ರೋಗ ಅಲ್ಲೋ. ಬೆಳಿ ಛಲೋ ಇದ್ರ ಇದು ಕೆಂಪ ತೋರಸ್ತೈತಿ."

"ಛಲೋ ಇದ್ರ ಕೆಂಪ, ಕೆಟ್ರ?"

ನನಗೆ ಗೊತ್ತಿರಲಿಲ್ಲ. "ಕೆಟ್ರ ಬ್ಯಾರೆ ಬಣ್ಣಾ" ಎಂದು ಗದರಿಸಿ ಸುಮ್ಮನಾಗಿಸಿದೆ. ಇಪ್ಪತ್ತೈದು ವರ್ಷ ಪಾಠ ಮಾಡಿದರೆ ಇದೊಂದು ವಿದ್ಯೆ ಕೈಹತ್ತುತ್ತದೆ.

ಇಷ್ಟೆಲ್ಲ ಕಸರತ್ತು ಯಾಕೆಂದರೆ ನಮಗೆ ಒಂದು ದಾರಿ ಬೇಕಾಗಿತ್ತು. ನಮ್ಮ ಹೊಲಕ್ಕೂ ರಸ್ತೆಗೂ ನಡುವೆ ಇನ್ನೊಬ್ಬರ ಕಬ್ಬಿನ ಹೊಲವಿದೆ. ಅವರು ಎಂಬತ್ತರ ಹತ್ತಿರದ ರೈತರು. ನಾನು ಅವರನ್ನು ಕಾಕಾ ಎನ್ನುತ್ತೇನೆ, ಅವರು ನನ್ನನ್ನು ಶಾಲೆಯವಳೆಂದು ಸಾಲಿ ಅಕ್ಕಾರ ಎಂದು ಕರೆಯುತ್ತಾರೆ. ಮೊದಲು ನಾವು ಹಳ್ಳದ ದಂಡೆ ಹಿಡಿದು ಸುತ್ತು ಹಾಕಿ ಹೋಗುತ್ತಿದ್ದೆವು. ಆ ವರ್ಷದ ಮಳೆಗೆ ದಂಡೆ ಕುಸಿದು ಹೋಯಿತು. ಜೋಳವಾಗಿದ್ದರೆ ತಲೆಯ ಮೇಲೆ ಹೊತ್ತು ತರಬಹುದಿತ್ತು. ಕಬ್ಬಿಗೆ ಟ್ರ್ಯಾಕ್ಟರ್ ಹೊಲದೊಳಗೆ ಬರಲೇಬೇಕು. ಕಡಿಯುವ ಟೋಳಿ ಬರುವ ಹೊತ್ತಿಗೆ ದಾರಿ ಇಲ್ಲದಿದ್ದರೆ ವರ್ಷದ ಬೆಳೆ ನಿಂತಲ್ಲೇ ಒಣಗುವುದು ಖಂಡಿತ.

ನನ್ನ ತಮ್ಮ ಕಾಕಾ ಅವರ ಹತ್ತಿರ ಹೋಗಿ, ನಿಮ್ಮ ಹೊಲದ ನಡುವೆ ಹಿಂದೆ ಎತ್ತಿನ ಚಕ್ಕಡಿಯ ದಾರಿ ಇತ್ತು, ಅದನ್ನು ಬಿಟ್ಟುಕೊಡಿ ಎಂದು ಕೇಳಿದ. ದಯಮಾಡಿ ಬಿಡಿ ಎಂದು ಕೇಳಿದ್ದರೆ ಅವರು ಬಿಡುತ್ತಿದ್ದರೋ ಏನೋ. ಇವನು ಹಕ್ಕಿನ ಮಾತಾಡಿದ. ಅವರಿಗೆ ಮೈ ಉರಿಯಿತು.

"ನನ್ನ ಹೊಲದಾಗ ದಾರಿ ಇದ್ದದ್ದು ನನಗ ಗೊತ್ತಿರೂದಿಲ್ಲೇನ? ನಮ್ಮಪ್ಪನ ಕಾಲದಿಂದ ಇಲ್ಲಿ ದಾರಿ ಅನ್ನೂದ ಇಲ್ಲ."

"ನಾ ಸಣ್ಣಾವ ಇದ್ದಾಗ ನಮ್ಮಪ್ಪನ ಚಕ್ಕಡ್ಯಾಗ ಕುಂತು ಇಲ್ಲೇ ಹೋಗೇನ್ರಿ ಕಾಕಾ. ಖರೆ ಹೇಳಾಕತ್ತೇನಿ."

"ಹಂಗಾದ್ರ ನಾ ಸುಳ್ಳ ಹೇಳಾಕತ್ತೇನೇನ?"

ಅಲ್ಲಿಗೆ ಮಾತು ಮುರಿಯಿತು. ಮೂರು ತಲೆಮಾರಿನಿಂದ ಎಳ್ಳು-ಬೆಲ್ಲ ಹಂಚಿಕೊಂಡ ಎರಡು ಮನೆಗಳು ಎದುರಾದರೆ ಮುಖ ತಿರುಗಿಸುವ ಹಾಗಾಯಿತು. ನಾನು ತಮ್ಮನನ್ನು ನಂಬಿದೆ. ನಂಬಬಾರದಾಗಿತ್ತು ಎಂದು ಈಗ ಹೇಳುವುದು ಸುಲಭ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಮೇಲಿನಿಂದ ತೆಗೆದ ಚಿತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಅದನ್ನೇ ಕೇಳೋಣ.

ಕೇಳುವುದು ಅಷ್ಟು ಸಲೀಸಾಗಿರಲಿಲ್ಲ. ಮೊದಲು ಸಿಕ್ಕ ಪುಕ್ಕಟೆ ಚಿತ್ರಗಳಲ್ಲಿ ಒಂದೊಂದು ಚೌಕ ನಮ್ಮ ಮನೆಯಷ್ಟು ದೊಡ್ಡದು. ಅಂಥ ಚೌಕದಲ್ಲಿ ಚಕ್ಕಡಿ ದಾರಿ ಹುಡುಕುವುದೆಂದರೆ ಒರಟು ದುಪ್ಪಟಿಯ ನೇಯ್ಗೆಯಲ್ಲಿ ಸೀರೆಯ ಅಂಚಿನ ಸಣ್ಣ ಚುಕ್ಕಿ ಚಿತ್ತಾರ ಹುಡುಕಿದ ಹಾಗೆ. ಕೆಲವು ಚಿತ್ರಗಳ ತುಂಬ ಮೋಡ. ಪಟ್ಟಿಯಲ್ಲಿ "ಮೋಡ ಕಡಿಮೆ" ಎಂದು ಇರುತ್ತಿತ್ತು. ತೆರೆದರೆ ಇಡೀ ಜಿಲ್ಲೆ ಬಿಸಿಲಿನಲ್ಲಿ, ಇರುವ ಒಂದೇ ಮೋಡ ನಮ್ಮ ಹೊಲದ ಮೇಲೆ. ಕೆಲವು ತೆರೆಯುತ್ತಲೇ ಇರಲಿಲ್ಲ. ಬರೀ ಬೂದು ಬಣ್ಣದ ಹಲಗೆ, ಮೇಲೊಂದು ಸುತ್ತುವ ಚಕ್ರ. ದಸರಾ ರಜೆಯ ಅರ್ಧ ಆ ಚಕ್ರವನ್ನು ನೋಡುವುದರಲ್ಲೇ ಹೋಯಿತು. ಅವ್ವ ಮನೆಯಲ್ಲಿದ್ದಿದ್ದರೆ ಈ ಹುಚ್ಚಾಟ ಇಷ್ಟು ದೂರ ಬೆಳೆಯುತ್ತಿರಲಿಲ್ಲ. ಅವಳು ಬೀಳಗಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಒಂದರ ಹಿಂದೊಂದು ಆಪರೇಶನ್ ಮಾಡಿಸಿಕೊಂಡು ತಿಂಗಳು ಒಪ್ಪತ್ತು ಅಲ್ಲೇ ಇರುವವಳಿದ್ದಳು.

ಕೊನೆಗೆ ಇನ್ನೊಂದು ನಕ್ಷೆಯ ತಂತ್ರಾಂಶದಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಒಂದು ಪಟ್ಟಿ ಸಿಕ್ಕಿತು. ಅದರ ಮೇಲಿನ ಗುಂಡಿಯನ್ನು ಎಡಕ್ಕೆ ಎಳೆದರೆ ವರ್ಷಗಳು ಹಿಂದೆ ಸರಿಯುತ್ತವೆ. ನಾನು ಎಳೆಯುತ್ತ ಹೋದೆ. ಕಬ್ಬು ಜೋಳವಾಯಿತು, ಜೋಳ ಬರೀ ಮಣ್ಣಾಯಿತು, ಊರಿನ ಹೊಸ ಮನೆಗಳು ಒಂದೊಂದೇ ಮಾಯವಾದವು. ಹದಿನೈದು ವರ್ಷದಷ್ಟು ಹಿಂದೆ, ಶಿವರಾತ್ರಿಯ ಆಸುಪಾಸಿನ ಒಂದು ಚಿತ್ರದಲ್ಲಿ ಕೈ ನಿಂತಿತು. ಕಾಕಾ ಅವರ ಹೊಲ ಜೋಳ ಕಿತ್ತು ಬೋಳಾಗಿತ್ತು. ಅದರ ನಡುವೆ, ರಸ್ತೆಯ ಬದಿಗಿರುವ ಅವರ ಬಾವಿಯಿಂದ ಹೊರಟು ನಮ್ಮ ಬದುವಿನ ತನಕ, ಒಂದು ಬಿಳಿ ಗೆರೆ ನೆಟ್ಟಗೆ ಹೋಗಿತ್ತು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ತಮ್ಮನನ್ನು ಕೂಗಿ ಕರೆದೆ. ಅವನು ಮಗ್ಗ ನಿಲ್ಲಿಸಿ ಬಂದು ನೋಡಿ, ತೊಡೆ ತಟ್ಟಿದ.

"ಹೇಳಿದ್ದಿಲ್ಲ ನಾನು? ದಾರಿ!"

ಎರಡು ಸಂಗತಿ ನನಗೆ ಆಗಲೇ ಕಸಿವಿಸಿ ಮಾಡಿದ್ದವು. ಅವನ್ನು ಈಗ ಪ್ರಾಮಾಣಿಕವಾಗಿ ಬರೆಯಬೇಕು. ಒಂದು, ಆ ಗೆರೆ ಎರಡು ಕಡೆ ತುಸು ತುಂಡಾಗಿತ್ತು, ಮತ್ತು ಅದರ ಪಡುವಣ ಬದಿಗೆ ಮಾತ್ರ ಉದ್ದಕ್ಕೂ ಒಂದು ಸಪೂರ ಕಪ್ಪು ಎಳೆ ಇತ್ತು. ತುಂಡಾದಲ್ಲಿ ಹುಲ್ಲು ಬೆಳೆದಿರಬೇಕು, ಕಪ್ಪು ಎಳೆ ಚಕ್ಕಡಿಯ ಗಾಲಿ ಕೊರೆದದ್ದಿರಬೇಕು ಎಂದುಕೊಂಡೆ. ಒಂದೇ ಗಾಲಿಯ ಚಕ್ಕಡಿ ಎಲ್ಲಾದರೂ ಇದೆಯೇ ಎಂದು ಕೇಳಿಕೊಳ್ಳಲಿಲ್ಲ. ಎರಡನೆಯದು ಆ ಬಾವಿ. ಈ ಹೊತ್ತಿನ ಚಿತ್ರವನ್ನೂ ಆ ಹಳೆಯ ಚಿತ್ರವನ್ನೂ ಒಂದರ ಮೇಲೊಂದು ಹಾಸಿದರೆ ಬಾವಿ ಹನ್ನೆರಡು ಅಡಿ ಸರಿದಿತ್ತು. ಕಲ್ಲು ಕಟ್ಟಿದ ಬಾವಿ ಹದಿನೈದು ವರ್ಷದಲ್ಲಿ ಹನ್ನೆರಡು ಅಡಿ ನಡೆಯುವುದಿಲ್ಲ. ಹಾಗಾದರೆ ಎರಡರಲ್ಲಿ ಒಂದು ಚಿತ್ರ ತಪ್ಪಿದೆ. ಯಾವುದು? ಫೋನು ಹಿಡಿದು ಬಾವಿಯ ಕಟ್ಟೆಯ ಮೇಲೆ ನಿಂತೆ. ಫೋನು ಎರಡಕ್ಕೂ ಹೊಂದದ ಮೂರನೆಯ ಜಾಗ ತೋರಿಸಿತು. ಮಾರನೆಯ ದಿನ ಅದೇ ಕಟ್ಟೆಯ ಮೇಲೆ ನಿಂತರೆ ನಾಲ್ಕನೆಯದು. ನನ್ನ ತಲೆ ಕೆಟ್ಟು ಹೋಯಿತು. ಹನ್ನೆರಡು ಅಡಿಯಿಂದ ಏನು ಮಹಾ ಆಗುತ್ತದೆ, ದಾರಿ ಇತ್ತು ಅನ್ನುವುದು ಮುಖ್ಯ ಎಂದು ನೋಟುಬುಕ್ಕು ಮುಚ್ಚಿದೆ.

ಭಾನುವಾರ ಮುಂಜಾನೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಕಾಕಾ ಅವರ ಮನೆಗೆ ಹೋದೆವು. ಅವರು ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು. ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ನಾನು ಅವರ ಪಕ್ಕ ಕೂತು ಪರದೆ ತೆರೆದು, ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ. ಇದು ರಸ್ತೆ, ಇದು ನಿಮ್ಮ ಬಾವಿ, ಇದು ನಮ್ಮ ಬದು, ಇದು ನೋಡಿ ದಾರಿ. ಈಗ ನೆನೆದರೆ ಆ ದನಿಗೆ ನನಗೇ ನಾಚಿಕೆಯಾಗುತ್ತದೆ.

ಕಾಕಾ ಬಾಯೊಳಗಿನ ಎಲೆ ಅಗಿಯುವುದನ್ನು ನಿಲ್ಲಿಸಿದರು. ಮುಖವನ್ನು ಪರದೆಗೆ ತೀರ ಹತ್ತಿರ ತಂದರು.

"ಇದು ಯಾವಾಗಿಂದ್ರಿ?"

ವರ್ಷ ಹೇಳಿದೆ. ಶಿವರಾತ್ರಿಯ ಹೊತ್ತಿನದು ಎಂದೆ.

"ಇನ್ನೊಂದೀಟು ಹತ್ರ ತರಾಕ ಬರತೈತೇನ್ರಿ ಅಕ್ಕಾರ?"

ಹತ್ತಿರ ತಂದೆ. ಚಿತ್ರ ಒಡೆದು ಚೌಕ ಚೌಕವಾಯಿತು, ನಮ್ಮ ಅಪ್ಪ ಸೀರೆಯ ಅಂಚಿಗೆ ಚಿತ್ತಾರ ಬರೆಯುತ್ತಿದ್ದ ಗ್ರಾಫ್ ಹಾಳೆಯ ಹಾಗೆ. ಬಿಳಿ ಗೆರೆಯ ಪಕ್ಕದಲ್ಲಿ, ಬಾವಿಗೆ ಸಮೀಪ, ಮೂರು ಸಣ್ಣ ಚುಕ್ಕೆಗಳಿದ್ದವು. ಅವರ ಬೆರಳು ಅಲ್ಲಿ ನಿಂತಿತು.

"ಇವೇನ್ರಿ?"

"ಗಿಡ ಇರಬೇಕ್ರಿ ಕಾಕಾ. ಜಾಲಿ ಗಿಡ."

ಅವರು ನನ್ನ ಮುಖ ನೋಡಿದರು. ಮತ್ತೆ ಪರದೆ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಪರದೆ ತಾನಾಗಿ ಆರಿಹೋಯಿತು, ನಾನು ಮತ್ತೆ ಹೊತ್ತಿಸಬೇಕಾಯಿತು. ವಾದಕ್ಕೆ ಸಿದ್ಧವಾಗಿ ಬಂದಿದ್ದ ತಮ್ಮನೂ ಪರದೆಯ ಕಡೆ ಬಗ್ಗಿದ.

"ಇದರದೊಂದು ಕಾಗದಾ ತಗದು ಕೊಡ್ರಿ ನನಗ" ಎಂದರು ಕಾಕಾ. "ಇದು ಎಲ್ಲೈತಿ ಅಂತ ಹೊಲದಾಗ ಗೂಟಾ ಹೊಡೀರಿ. ಅಷ್ಟು ಜಾಗಾದಾಗಿನ ಕಬ್ಬ ಕಡಿಸಿ ಬಿಡತೇನಿ."

ಅಷ್ಟು ಬೇಗ ಸೋತರಲ್ಲ ಎಂದು ನನಗೆ ಆಶ್ಚರ್ಯವಾಯಿತು. ಕಾಗದ ಕೇಳಿದ್ದು ವಕೀಲರಿಗೆ ತೋರಿಸಲಿಕ್ಕೆ ಇರಬಹುದು ಎಂದು ದಾರಿಯಲ್ಲಿ ತಮ್ಮ ಗೊಣಗಿದ. ನನಗೂ ಹಾಗೇ ಅನ್ನಿಸಿತು. ಆದರೂ ಬಣ್ಣದ ಎರಡು ಪ್ರತಿ ತೆಗೆಸಿ ಒಂದನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ನಮ್ಮ ಮನೆಯ ಗೋಡೆಗೆ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಗೆದ್ದವಳ ಹಾಗೆ.

ಗೂಟ ಹೊಡೆಯುವ ದಿನ ಮತ್ತೆ ಆ ಹನ್ನೆರಡು ಅಡಿ ಕಾಡಿತು. ಚಿತ್ರದಲ್ಲಿ ಗೆರೆ ಬಾವಿಯ ಕಲ್ಲುಕಂಬದಿಂದಲೇ ಹೊರಡುತ್ತಿತ್ತು. ಫೋನಿನಲ್ಲಿ ಆ ಚಿತ್ರ ಹಿಡಿದು ನಡೆದರೆ ನಾನು ಬಾವಿಯಿಂದ ಅಷ್ಟು ದೂರ, ಬರೀ ಕಬ್ಬಿನೊಳಗೆ ನಿಂತಿರುತ್ತಿದ್ದೆ. ಕಣ್ಣಿಗೆ ಕಾಣುವ ಕಂಬ ಒಂದು ಕಡೆ, ಅಂತರಿಕ್ಷದಿಂದ ಬಂದ ಮಾತು ಒಂದು ಕಡೆ. ನಾನು ಅಂತರಿಕ್ಷವನ್ನು ನಂಬಿದೆ. ಫೋನು ಹೇಳಿದಲ್ಲಿ ಗೂಟ ಹೊಡೆಸಿದೆ. ನಾಲ್ಕು ದಿನದಲ್ಲಿ ಕಾಕಾ ತಮ್ಮ ಎದೆಯೆತ್ತರದ ಕಬ್ಬನ್ನು ಟ್ರ್ಯಾಕ್ಟರ್ ಹೋಗುವಷ್ಟು ಅಗಲಕ್ಕೆ ಕಡಿಸಿ ನೆಲ ಮಟ್ಟ ಮಾಡಿಸಿದರು. ರಜೆ ಮುಗಿದು ಸಾಲಿ ತೆರೆದಾಗ ನಾನು ಹತ್ತನೆಯ ತರಗತಿಯ ಮಕ್ಕಳಿಗೆ ದೂರಸಂವೇದಿಯ ಉಪಯೋಗಗಳು ಎಂಬ ಪಾಠಕ್ಕೆ ಇದನ್ನೇ ಉದಾಹರಣೆಯಾಗಿ ಹೇಳಿದೆ. ಮಕ್ಕಳು ಬಾಯಿಬಿಟ್ಟು ಕೇಳಿದರು.

ಆಮೇಲೆ ಅವ್ವ ಬೀಳಗಿಯಿಂದ ಬಂದಳು.

ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಿಂದ ಇಳಿದವಳಿಗೆ ಎಲ್ಲದರ ಮೇಲೂ ಹೊಸ ಕುತೂಹಲ. ಗೋಡೆಯ ಬಣ್ಣ ಇಷ್ಟು ಹಾಳಾಗಿದೆಯೇ, ನಿನ್ನ ತಲೆ ಇಷ್ಟು ಬೆಳ್ಳಗಾಗಿದೆಯೇ ಎಂದು ಒಂದೊಂದನ್ನೇ ನೋಡಿ ಕಾಮೆಂಟ್ರಿ ಹೇಳುತ್ತ ಬಂದು ಕ್ಯಾಲೆಂಡರಿನ ಪಕ್ಕ ನಿಂತಳು. ಕನ್ನಡಕ ಹಣೆಗೆ ಏರಿಸಿ ಚಿತ್ರಕ್ಕೆ ಮೂಗು ಹಚ್ಚಿದಳು.

"ಇದು ಯಾರ ತಗದದ್ದು?"

"ಮ್ಯಾಲಿಂದ ತಗದದ್ದು ಯವ್ವಾ. ಉಪಗ್ರಹ. ಕಾಕಾರ ಹೊಲ ಇದು. ನಡುವ ಕಾಣತೈತಲ್ಲ, ಅದು ಹಳೇ ದಾರಿ."

"ದಾರಿ ಎಲ್ಲಿ ಬೇ? ಇದು ನಮ್ಮ ಹಾಸು."

ನನಗೆ ಅರ್ಥವಾಗಲಿಲ್ಲ. ಹಾಸು ಎಂದರೆ ಸೀರೆಯ ಉದ್ದೆಳೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಉದ್ದಕ್ಕೆ ಜಗ್ಗಿ ಕಟ್ಟಿ, ಕತ್ತರಿಯಂತೆ ನಿಲ್ಲಿಸಿದ ಬಿದಿರು ಗಳಗಳ ಮೇಲೆ ಎತ್ತಿ, ಕುಂಚದಿಂದ ಗಂಜಿ ತೀಡಿ ಒಣಗಿಸುತ್ತಾರೆ. ನಮ್ಮ ಓಣಿಯಲ್ಲಿ ಮುಂಜಾನೆ ಮುಂಜಾನೆ ಅದು ದಿನದ ನೋಟವಾಗಿತ್ತು. ಅದು ಓಣಿಯ ಕೆಲಸ, ಹೊಲದ್ದಲ್ಲ.

"ಹಾಸು ಹೊಲದಾಗ ಯಾಕ ಇರತೈತಿ?" ಎಂದು ರೇಗಿದೆ.

ಅವ್ವ ಕೂತುಕೊಂಡು ಹೇಳಿದಳು. ಆ ವರ್ಷ ಗಟಾರಿನ ಕೆಲಸಕ್ಕೆಂದು ಓಣಿಯನ್ನು ಉದ್ದಕ್ಕೂ ಅಗೆದು ಹಾಕಿದ್ದರು. ಎರಡು ತಿಂಗಳು ಕಾಲಿಡಲಿಕ್ಕೆ ಜಾಗವಿರಲಿಲ್ಲ. ಕಾಕಾ ಅವರ ಹೆಂಡತಿ ನಮ್ಮ ಮನೆಗೆ ಕಂಡಿಕೆ ಸುತ್ತಿಕೊಡುತ್ತಿದ್ದವರು, ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತುವ ಕೆಲಸ. ಅವ್ವನಿಗೆ ಜೀವದ ಗೆಳತಿ. ಜೋಳ ಕಿತ್ತ ಹೊಲ ರೊಟ್ಟಿಯ ಹಾಗೆ ಮಟ್ಟಸವಾಗಿದೆ, ಅಲ್ಲೇ ಹಾಸು ಕಟ್ಟೋಣ ಎಂದು ಅವರೇ ಕರೆದರಂತೆ. ಮೂರು ಮನೆಯ ಹಾಸುಗಳನ್ನು ಒಂದರ ಹಿಂದೊಂದು ಕಟ್ಟಿ, ಎಲ್ಲ ಸೇರಿ ಗಂಜಿ ಹಚ್ಚುತ್ತಿದ್ದರಂತೆ. ಆಗ ನಾನು ಜಮಖಂಡಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಿದ್ದೆ. ತಮ್ಮ ಇಚಲಕರಂಜಿಯಲ್ಲಿ ಮಗ್ಗದ ಕಾರಖಾನೆಯಲ್ಲಿದ್ದ. ಇಬ್ಬರಿಗೂ ಇದೊಂದೂ ಗೊತ್ತಿಲ್ಲ.

"ಇಲ್ಲಿ ನೋಡ" ಎಂದು ಅವ್ವ ಆ ಮೂರು ಚುಕ್ಕೆಗಳ ಮೇಲೆ ಬೆರಳಿಟ್ಟಳು. "ಹೆಂಗಸ್ರು ಇವು. ಗಂಜಿ ಹಚ್ಚಾಕತ್ತೀವಿ."

ನಾನು ನಂಬಲಿಲ್ಲ. ಲ್ಯಾಪ್‌ಟಾಪ್ ತೆರೆದು ಚಿತ್ರವನ್ನು ಮತ್ತೆ ಹಿಗ್ಗಿಸಿದೆ. ಪಡುವಣ ಬದಿಯ ಆ ಸಪೂರ ಕಪ್ಪು ಎಳೆ. ಮೂರು ಚುಕ್ಕೆಗಳ ಬುಡದಿಂದ ಅದೇ ದಿಕ್ಕಿಗೆ ಚಾಚಿದ ಮೂರು ಪುಟ್ಟ ಕಪ್ಪುಗಳು. ಅದು ಮುಂಜಾನೆಯ ಚಿತ್ರ, ಸೂರ್ಯ ಮೂಡಣದಲ್ಲಿ. ಕಪ್ಪು ಎಳೆ ಗಾಲಿ ಕೊರೆದದ್ದಲ್ಲ, ನೆರಳು. ದಾರಿಗೆ ನೆರಳು ಬೀಳುವುದಿಲ್ಲ. ನೆಲದಿಂದ ಎದ್ದು ನಿಂತದ್ದಕ್ಕೆ ಮಾತ್ರ ಬೀಳುತ್ತದೆ. ಗೆರೆ ಎರಡು ಕಡೆ ತುಂಡಾಗಿದ್ದು ಒಂದು ಮನೆಯ ಹಾಸು ಮುಗಿದು ಇನ್ನೊಂದು ಮನೆಯದು ಶುರುವಾಗುವಲ್ಲಿ. ನೇಕಾರರ ಮನೆಯಲ್ಲಿ ಹುಟ್ಟಿ, ಗಂಜಿಯ ವಾಸನೆಯಲ್ಲೇ ಬೆಳೆದ ನಾನು ನಮ್ಮ ಹಾಸನ್ನು ಚಕ್ಕಡಿ ದಾರಿ ಎಂದು ಓದಿದ್ದೆ. ಒಬ್ಬ ಮುದುಕನನ್ನು ಸುಳ್ಳುಗಾರ ಮಾಡಿ ಅವನ ಬೆಳೆ ಕಡಿಸಿದ್ದೆ.

ತಮ್ಮನ ಚಕ್ಕಡಿಯ ನೆನಪು ಹಾಗಾದರೆ ಏನು ಎಂದು ಕೇಳಿದರೆ ಅವನು ತಲೆ ಕೆರೆದುಕೊಂಡು, "ಹಳ್ಳದ ದಂಡಿ ಮ್ಯಾಲೆ ಹೋಗಿರಬೇಕ ನೋಡ, ನಾ ಭಾಳ ಸಣ್ಣಾವ ಇದ್ದೆ" ಎಂದ. ಅವನ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಇನ್ನೂ ಹೆಚ್ಚು ಬಂತು.

"ಈಗ ಹೇಳಬ್ಯಾಡ ಅಕ್ಕಾ" ಎಂದು ಅವನು ಬೇಡಿಕೊಂಡ. "ಬರೂ ವಾರ ಟೋಳಿ ಬರತೈತಿ. ಕಬ್ಬೊಂದ ಹೊರಗ ಹೋಗಲಿ. ಆಮ್ಯಾಲೆ ಇಬ್ರೂ ಹೋಗಿ ಕಾಲ ಹಿಡಿಯೂಣು."

ಅವನು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ಹೇಳಿದ ಮರುಗಳಿಗೆ ಕಾಕಾ ದಾರಿಗೆ ಮುಳ್ಳು ಹಾಕಿದರೆ ನಮ್ಮ ಬೆಳೆ ಹೋಯಿತು. ಹೇಳದೆ ಕಬ್ಬು ಸಾಗಿಸಿದರೆ ನಾನು ತಿಳಿದೂ ತಿಳಿದೂ ಕದ್ದ ದಾರಿಯಲ್ಲಿ ಸಾಗಿಸಿದ ಹಾಗೆ. ಮೂರು ದಿನ ಬಸ್ಸಿನಲ್ಲಿ ಕೂತು ಇದನ್ನೇ ತಿರುವಿ ತಿರುವಿ ಯೋಚಿಸಿದೆ. ಜಮಖಂಡಿಯಲ್ಲಿ ಇಳಿಯುವಾಗ ಹೇಳಬೇಕು ಅನ್ನಿಸುತ್ತಿತ್ತು, ಬನಹಟ್ಟಿಯಲ್ಲಿ ಇಳಿಯುವಾಗ ಬೇಡ ಅನ್ನಿಸುತ್ತಿತ್ತು. ನಾಲ್ಕನೆಯ ದಿನ ಬಸ್ಸು ಇಳಿದವಳು ಮನೆಗೆ ಹೋಗದೆ ನೇರ ಕಾಕಾ ಅವರ ಮನೆಗೆ ಹೋದೆ. ಮನೆಗೆ ಹೋಗಿದ್ದರೆ ಮತ್ತೆ ಮನಸ್ಸು ಬದಲಾಗುತ್ತಿತ್ತು.

ಅವರು ಒಳಗಿದ್ದರು. ನಾನು ಕೊಟ್ಟ ಕಾಗದ ದೇವರ ಜಗಲಿಯ ಪಕ್ಕ ಗೋಡೆಯ ಮಾಡದಲ್ಲಿ ನಿಂತಿತ್ತು. ಬದಿಗೆ ಒಂದು ಹಳೆಯ ಓಟಿನ ಕಾರ್ಡಿನಿಂದ ಕತ್ತರಿಸಿದ, ತೀರಿಹೋದ ಅವರ ಹೆಂಡತಿಯ ಬೆರಳುಗುರಿನಷ್ಟು ಫೋಟೊ, ಮುಖ ಅರ್ಧ ಮಾಸಿದ್ದು. ನಾನು ನಿಂತೇ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಅದು ದಾರಿಯಲ್ಲ ಕಾಕಾ, ಹಾಸು. ನೀವು ಹೇಳಿದ್ದೇ ಖರೆ. ನಾನು ತಪ್ಪು ಓದಿದೆ.

"ಗೊತ್ತೈತ್ರಿ" ಎಂದರು ಅವರು.

ನಾನು ಕಕ್ಕಾಬಿಕ್ಕಿಯಾದೆ. "ಯಾವಾಗಿಂದ?"

"ನೀವು ತೋರಿಸಿದ ದಿನಾನ ಗೊತ್ತಾತ್ರಿ. ಬಾವಿ ಹಂತ್ಯಾಕ ಮೂರ ಮಂದಿ ಕಂಡ್ರಲ್ಲ, ಅವಾಗ."

"ಮತ್ತ ಹಂಗಾದ್ರ ಕಬ್ಬ ಯಾಕ ಕಡಿಸಿದ್ರಿ? ನೀವು ಸುಳ್ಳ ಹೇಳಿಲ್ಲ ಅಂತ ಯಾಕ ಅನಲಿಲ್ಲ?"

ಅವರು ಮಾಡದಿಂದ ಕಾಗದ ತೆಗೆದು ಪಂಚೆಯ ತುದಿಯಿಂದ ಒರೆಸಿದರು.

"ಆಕಿದು ಒಂದ ಫೋಟೋ ಇಲ್ರಿ ಮನ್ಯಾಗ. ಈ ಕಾರ್ಡಿನ ಫೋಟೋ ಬಿಟ್ರ. ನಿಂತದ್ದು, ಕೆಲಸಾ ಮಾಡೂದು ಒಂದೂ ಇಲ್ಲ. ಆಕಿ ಹೋದ ಮ್ಯಾಲೆ ಹೊಲದ ತುಂಬ ಕಬ್ಬ ಹಚ್ಚಿ ಕುಂತೆ. ಕಾಲಿಡಾಕ ಜಾಗಾ ಇಲ್ಲದಂಗ. ನಿಮಗ ದಾರಿ ಬಿಟ್ಟೆ ಅಂತ ತಿಳೀಬ್ಯಾಡ್ರಿ ಅಕ್ಕಾರ. ಆಕಿ ನಿಂತಲ್ಲೆ ನನಗೂ ನಾಕ ಹೆಜ್ಜಿ ಅಡ್ಡಾಡಬೇಕಾಗಿತ್ತು. ದಿನಾ ಮುಂಜಾನಿ ಹೋಗತೇನಿ. ನೀವೂ ಕಬ್ಬ ಹೊಡಕೊಂಡ ಹೋಗ್ರಿ, ನಂದೇನ ತಕರಾರಿಲ್ಲ."

ಆಮೇಲೆ ಕಾಗದವನ್ನು ನನ್ನ ಮುಂದೆ ಹಿಡಿದರು.

"ಮೂರರಾಗ ಆಕಿ ಯಾರಂತ ಹೇಳ್ರಿ. ನೀವು ಕಲತಾವ್ರು."

ನಾನು ನೋಡಿದೆ. ನಾಲ್ಕೈದು ಚೌಕದ ಒಂದು ಕಲೆ, ನಾಲ್ಕೈದು ಚೌಕದ ಇನ್ನೊಂದು ಕಲೆ. ಯಾವ ಪದರ ಹಾಸಿದರೂ, ಯಾವ ಬಣ್ಣ ಬದಲಿಸಿದರೂ ಅದರಲ್ಲಿ ಮುಖವಿಲ್ಲ. "ಗೊತ್ತಾಗೂದಿಲ್ರಿ ಕಾಕಾ. ಅವ್ವನ್ನ ಕೇಳತೇನಿ" ಎಂದೆ. ಹೊರಗೆ ಬಂದ ಮೇಲೆ ಆ ಹನ್ನೆರಡು ಅಡಿ ನೆನಪಾಯಿತು. ಚಿತ್ರದಲ್ಲಿ ಗೆರೆ ಕಂಬದಿಂದ ಹೊರಡುತ್ತದೆ, ನನ್ನ ಗೂಟಗಳು ಕಂಬದಿಂದ ದೂರ ಇವೆ. ಈ ಮನುಷ್ಯ ದಿನಾ ಮುಂಜಾನೆ ಹೋಗಿ ಅಡ್ಡಾಡುತ್ತಿರುವುದು ತನ್ನ ಹೆಂಡತಿ ನಿಂತ ಜಾಗದಲ್ಲಲ್ಲ. ಫೋನು ತಪ್ಪಿದ ಜಾಗದಲ್ಲಿ. ಹಾಸಿನ ಸಂಗತಿ ಹೇಳಲು ಮೂರು ದಿನ ತೆಗೆದುಕೊಂಡವಳಿಗೆ ಇದನ್ನು ಹೇಳಲು ಬಾಯೇ ಬರಲಿಲ್ಲ.

ಅವ್ವನಿಗೆ ಹೇಳಿದೆ. ಅಡಿ, ಪದರ, ಫೋನು ಎಂದು ನಾನು ತೊದಲಿದ್ದನ್ನು ಅವಳು ಅರ್ಧ ಕೇಳಿ, "ನಾಳೆ ನನ್ನ ಕರಕೊಂಡ ಹೋಗ" ಎಂದಳು.

ಮರುದಿನ ಬಿಸಿಲೇರುವ ಮೊದಲೇ ಆಟೋದಲ್ಲಿ ಹೋದೆವು. ಕಾಕಾ ಆಗಲೇ ಅಲ್ಲಿದ್ದರು, ಕಡಿಸಿದ ಪಟ್ಟಿಯ ಮೇಲೆ ಬರಿಗೈಯಲ್ಲಿ ಮೆಲ್ಲಗೆ ಅತ್ತಿತ್ತ ನಡೆಯುತ್ತಿದ್ದರು. ಅವ್ವನನ್ನು ಕಂಡು ನಿಂತರು.

"ಬಾ ತಂಗಿ. ಕಣ್ಣ ಬಂದೂವೇನ?"

"ಬಂದೂವು ಅಣ್ಣಾರ. ಎಲ್ಲಾ ಕಾಣಾಕತ್ತೈತಿ."

ಅವ್ವ ಪಟ್ಟಿಯ ಕಡೆ ಹೋಗಲಿಲ್ಲ. ನೇರ ಬಾವಿಗೆ ಹೋಗಿ, ನೀರು ಸೇದುವ ಗಡಗಡಿ ಕಿತ್ತುಹೋದ ಆ ಕಲ್ಲುಕಂಬದ ಮೇಲೆ ಕೈಯಿಟ್ಟಳು. ಕಂಬದ ನಡುವಿಗೆ ಹಗ್ಗ ತಿಕ್ಕಿ ತಿಕ್ಕಿ ಆದ ಒಂದು ಗೀರಿತ್ತು. ಬೆರಳಿನಿಂದ ಅದನ್ನು ಮುಟ್ಟಿ ನೋಡಿದಳು.

"ಹಾಸಿನ ತುದಿ ಇದಕ್ಕ ಕಟ್ಟತಿದ್ವಿ" ಎಂದಳು. ಅಲ್ಲಿಂದ ನಮ್ಮ ಬದುವಿನ ಕಡೆ ಮುಖ ಮಾಡಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನಿಂತ ಕಬ್ಬಿನೊಳಗೆ ನುಗ್ಗಿದಳು. ಹತ್ತು ಹೆಜ್ಜೆಗೆ ನಿಂತು ಒಳಗಿನಿಂದಲೇ ಕೂಗಿದಳು. "ಅಣ್ಣಾರ, ನೀವು ಕಡಿಸಿದ್ದು ಭಾಳ ಅತ್ತಾಗ ಆತು. ನಾವು ನಿಂತಿದ್ದು ಇಲ್ಲಿ!"

ಕಾಕಾ ತಿರುಗಿ ನನ್ನನ್ನು ನೋಡಿದರು.

"ಚಿತ್ರಾ ಸರದಿತ್ರಿ ಕಾಕಾ" ಎಂದೆ. "ಹನ್ನೆರಡ ಅಡಿ. ಬಾವಿ ಹೊಂದಲಿಲ್ಲ ಅಂತ ನನಗ ಅವತ್ತ ಗೊತ್ತಿತ್ತು. ಆದ್ರೂ ಗೂಟಾ ಹೊಡಿಸಿದೆ."

ಅವರು ಬಾವಿಯ ಕಟ್ಟೆಯ ಮೇಲಿದ್ದ ಕುಡುಗೋಲು ತಗೊಂಡು ಅವ್ವ ನುಗ್ಗಿದ ಜಾ‌ಡಿನಲ್ಲೇ ಹೋದರು. ಎಂಬತ್ತರ ಆ ಕೈ ಒಂದೊಂದೇ ಕಬ್ಬನ್ನು ಬುಡಕ್ಕೆ ಕಡಿದು ಪಕ್ಕಕ್ಕೆ ಒರಗಿಸುತ್ತ ಬಂತು. ನಾನು ಮುಂದಾಗಿ ಕಡಿದದ್ದನ್ನು ಎಳೆದು ಹಾಕಿದೆ. ಕಬ್ಬಿನ ಗರಿ ಮುಂಗೈಯನ್ನೆಲ್ಲ ಗೀರಿತು. ಸ್ವಲ್ಪ ಹೊತ್ತಿಗೆ ಮೂರು ನಾಲ್ಕು ಮಂದಿ ನಿಲ್ಲುವಷ್ಟು ಜಾಗವಾಯಿತು. ಬಿಸಿಲು ಒಳಗೆ ಬಿತ್ತು.

ಅವ್ವ ನಡುವೆ ನಿಂತು, ಗಾಳಿಯಲ್ಲಿ ಕುಂಚ ಹಿಡಿದ ಹಾಗೆ ಕೈ ಮಾಡಿ, ಹಾಸು ಯಾವ ಕಡೆಯಿಂದ ಯಾವ ಕಡೆಗೆ ಹೋಗಿತ್ತೆಂದು ತೋರಿಸಿದಳು. "ನಾ ಇಲ್ಲಿ. ಗಂಜಿ ಬಕೀಟು ಇಲ್ಲಿ. ಓಣ್ಯಾನಾಕಿ ಇನ್ನೊಬ್ಬಾಕಿ ಅಲ್ಲಿ, ಕಂಬದ ಕಡೆ."

"ಆಕಿ ಎಲ್ಲಿ?" ಎಂದು ಕಾಕಾ ಕೇಳಿದರು.

"ಆಕಿನಾ? ನೀವು ಈಗ ನಿಂತೀರಲ್ಲ, ಅಲ್ಲೇ."

ಕಾಕಾ ಕೆಳಗೆ ನೋಡಿದರು. ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.